ಪಾಲು

ಫೈಲಿನ ಮೇಲೆ ಹಂಸವೇಣಿ ಸ್ಟ್ಯಾನ್ಲಿ ಎಂದಿತ್ತು.
ಪಿತ್ತಕೋಶದಲ್ಲಿ ಕಲ್ಲು, ಗುರುವಾರ ಆಪರೇಷನ್.
ಹಾಸನದ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ
ಅರಿವಳಿಕೆ ಡಾಕ್ಟರು ತಸ್ನೀಮ್
ಪೆನ್ನಿನ ಮುಚ್ಚಳ ಕಚ್ಚುತ್ತ ಕೇಳಿದರು:
ಬಿಪಿ? ಇಲ್ಲ. ಶುಗರ್? ಇಲ್ಲ. ಕಟ್ಟಿಸಿದ ಹಲ್ಲು? ಒಂದು.
ನಿಮ್ಮ ಕಡೆ ಯಾರಿಗಾದರೂ ಆಪರೇಷನ್ ಆದಮೇಲೆ
ಉಸಿರು ಬರೋದು ತಡ ಆಗಿತ್ತಾ?

ಆಗಿತ್ತು. ಸುಬ್ಬರತ್ನ ದೊಡ್ಡಮ್ಮನಿಗೆ.
ನಾನಾಗ ಎರಡನೇ ಕ್ಲಾಸು.
ಹೊಟ್ಟೆ ಕೊಯ್ದು, ಹೊಲಿದು, ಎಲ್ಲ ಮುಗಿದ ಮೇಲೂ
ಆಕೆಯ ಎದೆ ತಾನಾಗಿ ಏಳಲಿಲ್ಲ.
ನರ್ಸೊಬ್ಬಳು ರಬ್ಬರ್ ಚೀಲ ಅದುಮುತ್ತ,
ಬಿಡುತ್ತ, ಅದುಮುತ್ತ,
ಕೈ ಸೋತರೆ ಕೈ ಬದಲಿಸಿ
ನಸುಕಿನ ತನಕ ಉಸಿರು ಸಾಲ ಕೊಟ್ಟಳಂತೆ.
ಅವಳ ಹೆಸರು ನಮ್ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ದೊಡ್ಡಮ್ಮ ಹೇಳುತ್ತಿದ್ದಳು: ಎಲ್ಲಾ ಕೇಳಿಸ್ತಿತ್ತು ಕಣೇ,
ಬೋಲ್ಟು ಸಡಿಲಾದ ಫ್ಯಾನು, ವಾರ್ಡ್ ಬಾಯ್ ಕೆಮ್ಮು.
ರೆಪ್ಪೆ ಮಾತ್ರ ನಂದಲ್ಲ.
ಮನೆಯವರು ದೃಷ್ಟಿ ಅಂದರು, ರಕ್ತ ಕಮ್ಮಿ ಅಂದರು.
ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಹಿರಿಯರು ದನಿ ತಗ್ಗಿಸಿ
ನಮ್ಮ ಜನಕ್ಕೆ ಆ ಸೂಜಿ ಆಗಲ್ಲ ಅಂದು
ಮತ್ತೆ ಆ ವಾರದ ರೇಟಿಗೆ ಮರಳಿದರು.

ತಸ್ನೀಮ್ ಪೆನ್ನು ಕೆಳಗಿಟ್ಟರು. ತಪ್ಪು ತಿಳೀಬೇಡಿ,
ನಿಮ್ಮ ತವರಿನವರು ಯಾವ ಜನ?

ಬಾಡಿಗೆ ಮನೆಯ ಗೇಟಿನಲ್ಲಿ, ಶಾಲೆಯ ಅರ್ಜಿಯಲ್ಲಿ,
ಹೆರಿಗೆ ವಾರ್ಡಿನ ಪಕ್ಕದ ಮಂಚದಿಂದ
ಇದನ್ನೇ ಕೇಳಿದ್ದಾರೆ.
ನಾನು ಮದುವೆಯಾದದ್ದು ಶೆಟ್ಟಿಹಳ್ಳಿಯ ಸ್ಟ್ಯಾನಿಯನ್ನು.
ನನ್ನ ಪಾಲಿಗೆ ಶೆಟ್ಟಿ ಉಳಿದದ್ದು ಆ ಊರ ಹೆಸರಿನಲ್ಲಷ್ಟೇ.
ಉತ್ತರ ನಾಲಿಗೆ ತುದಿಗೆ ಬಂದು ಹುಳಿಯಾಯಿತು.
ವೈಶ್ಯರು, ಅಂದೆ ಕೊನೆಗೆ, ನೆಲ ನೋಡಿಕೊಂಡು.
ಅವರಂದರು: ಜಾತಿ ಕೇಳಿ ಮದ್ದು ಕೊಡೋದು ಕೈ ಅಂದಾಜು.
ರಕ್ತ ಕಳಿಸೋಣ. ಅದು ತಕ್ಕಡಿ.

ಮಂಡಿಯಲ್ಲಿ ಬೆಳೆದವಳಿಗೆ ಅಷ್ಟು ಸಾಕು.
ಚೀಲ ಎತ್ತಿಯೇ ತೂಕ ಹೇಳುತ್ತಿದ್ದ ಅಪ್ಪನಿಗೂ
ಮೂರು ಕೇಜಿ ಆಚೀಚೆ ಆಗುತ್ತಿತ್ತು.

ಆಪರೇಷನ್ ಮುಂದಕ್ಕೆ ಹೋಯಿತು.
ಹನ್ನೆರಡು ದಿನ ಎಣ್ಣೆ ಮುಟ್ಟದೆ ಗಂಜಿ ಕುಡಿದೆ.
ಬಂದ ಕಾಗದದಲ್ಲಿ ಒಂದೇ ಅಕ್ಷರ ತಪ್ಪು.
ದೀಪಾವಳಿಗೆ ಹಳೇ ಖಾತೆಯ ಬಾಕಿ ಹೊಸದಕ್ಕೆ ಇಳಿಸುವಾಗ
ಯಾವನೋ ಮುತ್ತಾತ ತೂಕಡಿಸಿದ್ದ,
ಮಿಕ್ಕವರು ಅದನ್ನೇ ನೋಡಿ ನೋಡಿ ಬರೆದರು.
ಅಮ್ಮ ಮದುವೆಯಾದದ್ದು ಸೋದರಮಾವನನ್ನು;
ನನಗೆ ಎರಡೂ ಕಡೆಯಿಂದ ಅದೇ ಪುಟ.
ಮಳಿಗೆಯಲ್ಲಿ ನಿನಗೆ ಪಾಲಿಲ್ಲ ಎಂದವರು
ಇದನ್ನು ಕೇಳದೆಯೇ ಕೊಟ್ಟಿದ್ದರು, ಪೂರ್ತಿ.

ಬೇರೆ ಮದ್ದು ಹಾಕಿದರು.
ಎದ್ದೆ. ಗಂಟಲು ಕೆರೆಯುತ್ತಿತ್ತು, ಅಷ್ಟೆ.
ರೆಪ್ಪೆ ತೆರೆದೆ, ಮುಚ್ಚಿದೆ,
ಸುಮ್ಮನೆ ಇನ್ನೊಮ್ಮೆ ತೆರೆದೆ.

ನಿಮ್ಮವರಿಗೂ ಹೇಳಿಬಿಡಿ, ಅಂದರು ತಸ್ನೀಮ್.
ನಿಮ್ಮವರು ಅಂದರೆ ಯಾರು ಎಂದು ಅವರು ಹೇಳಲಿಲ್ಲ.

ಹತ್ತೊಂಬತ್ತು ವರ್ಷದ ಮೇಲೆ ಮಂಡಿಯ ನಂಬರು ಒತ್ತಿದೆ.
ಅಣ್ಣ ಎತ್ತಿಕೊಂಡ. ಅವನ ಹಿಂದೆ ಹಮಾಲರು ಎಣಿಸುತ್ತಿದ್ದರು,
ಮೂವತ್ತೊಂದು, ಮೂವತ್ತೆರಡು.
ಎಲ್ಲ ಹೇಳಿದೆ.
ನಲವತ್ತರ ತನಕ ಅವನು ಮಾತಾಡಲಿಲ್ಲ. ಆಮೇಲೆ:
ಔಷಧಿ ಹೆಸರು ನಿಧಾನ ಹೇಳು.
ಸ, ಅಂದೆ. ಕ್ಸಿ, ಅಂದೆ. ನೈಲ್. ಕೋಲಿನ್.
ಖಾತೆಯ ಹಿಂದಿನ ಪುಟದಲ್ಲಿ ಪೆನ್ನು ಓಡಿದ್ದು ಕೇಳಿಸಿತು,
ಅಥವಾ ಹಾಗೆ ಅಂದುಕೊಂಡೆ.
ನಿನಗೆಷ್ಟು?
ಎರಡು.
ಮಗೂಗೆ?
ಒಂದೇ. ಅವರಪ್ಪನ ಕಡೇದು ಸರಿಯಾಗಿದೆ.
ಹೆಸರು?
ಜೆಸಿಂತಾ.

ಅದನ್ನು ಬರೆದುಕೊಳ್ಳಲು ಅವನಿಗೆ
ಔಷಧಿಯ ಹೆಸರಿಗಿಂತ ಹೆಚ್ಚು ಹೊತ್ತು ಹಿಡಿಯಿತು.